ನಡುಮನೆಯ ತಂತಿ

ಮಸರಕಲ್ಲಿನ ಭಜನಾ ಮೇಳಕ್ಕೆ ಇದ್ದ ಹಾರ್ಮೋನಿಯಂ ಪೆಟ್ಟಿಗೆ ಒಂದೇ. ಆ ಪೆಟ್ಟಿಗೆಯ ಮೊದಲ ಕರಿ ಮನೆಯ, ಎಂದರೆ ಕರಿ ಕೀಲಿಯ, ನೆತ್ತಿಗೆ ಪ್ರತಿ ಸೋಮವಾರ ಅದನ್ನು ಬಾರಿಸುವ ಬೂದೆಪ್ಪ ವಿಭೂತಿಯ ಬೊಟ್ಟಿಡುತ್ತಿದ್ದ, ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ, ಆಮೇಲೆಯೇ ತಿದಿ ಒತ್ತುತ್ತಿದ್ದ. ದೇವದುರ್ಗದಲ್ಲಿ ಮುರಿದುಬಿದ್ದ ಒಂದು ನಾಟಕ ಕಂಪನಿಯಿಂದ ಅದು ಊರಿಗೆ ಬಂದ ವರ್ಷ ಮೇಳದ ಗುರು ಮಾನ್ವಿಯ ತಾತ ಇನ್ನೂ ದೇಹದಲ್ಲಿದ್ದರು. ಆಶೀರ್ವಾದಕ್ಕೆಂದು ಮುಂದಿಟ್ಟಾಗ ತಾತ ಆ ಕರಿ ಮನೆಯ ಮೇಲೆ ಬೆರಳಿಟ್ಟು, 'ಇಲ್ಲಿಂದ ಹಿಡೀರಪ್ಪ' ಅಂದರಂತೆ. ಅಂದಿನಿಂದ ಮಸರಕಲ್ಲಿನ 'ಸ' ಅಲ್ಲೇ ಬೇರು ಬಿಟ್ಟಿತು. ಹಳೆಯ ಏಕತಾರಿಯ ಬುರುಡೆಯನ್ನು ಇಲಿ ಕಡಿದ ಮೇಲೆ ಯಾರೂ ಹೊಸದು ಮಾಡಿಸಲಿಲ್ಲ. ಪೆಟ್ಟಿಗೆ ಇದೆ, ತಾತನ ಬೆರಳಿದೆ, ಇನ್ನೇನು ಬೇಕು.

ಆ ಕರಿ ಮನೆಯಿಂದ ಎತ್ತಿದರೆ ಊರ ಹೊರಗಿನ ಬೇವಿನ ಮರದವರೆಗೆ ಕೇಳಿಸುವ ಗಂಟಲು ಹಂಪಯ್ಯನದು. ತಾತ ಹಂಪಯ್ಯನೂ ಸೇರಿ ತಮ್ಮ ಶಿಷ್ಯರಿಗೆ ತಲಾ ಒಂದೊಂದು ಪದವನ್ನು ಬಾಯಿಗೆ ಕೊಟ್ಟಿದ್ದರು. ಪಲ್ಲವಿ ಎಲ್ಲರದು, ಒಳಗಿನ ನುಡಿಗಳು ಪಡೆದವನ ಬಾಯಿಗೆ ಮಾತ್ರ. ಅವನು ಪ್ರತಿ ವರ್ಷ ದವನದ ಹುಣ್ಣಿಮೆಯ ದಿನ ಮಾನ್ವಿಯಲ್ಲಿ ತಾತನ ಗದ್ದಿಗೆಯ ಮುಂದೆ ಅದನ್ನು ಹಾಡಬೇಕು. ಎರಡು ವರ್ಷ ತಪ್ಪಿತೋ, ಮೂರನೆಯ ವರ್ಷ ಪದ ಒಪ್ಪಿಸಬೇಕು. ಒಪ್ಪಿಸುವುದೆಂದರೆ, ಎಲೆಯ ಮೇಲೆ ವಿಭೂತಿ ಇಟ್ಟುಕೊಂಡು ಗದ್ದಿಗೆಯ ಮುಂದೆ ಕುಳಿತು, ನುಡಿಗಳನ್ನು ಕೊನೆಯ ಸಲ ಹೇಳಿ, ಎಲೆಯನ್ನು ಅಲ್ಲೇ ಬಿಟ್ಟು ಎದ್ದು ಬರುವುದು. ಆಮೇಲೆ ಆ ಮನೆತನದಲ್ಲಿ ಯಾರೂ ಆ ಪದ ಎತ್ತುವಂತಿಲ್ಲ.

ಹಂಪಯ್ಯನಿಗೆ ಒಂದು ದೊಡ್ಡ ಜ್ವರ ಬಂದು ಹೋಯಿತು. ಹೋಗುವಾಗ ಅದು ಗಂಟಲಿನ ಮೇಲ್ಗಡೆಯ ಅರ್ಧವನ್ನು ಒಯ್ದಿತು. ಕರಿ ಮನೆಗೆ ಏರಲು ಹೋದರೆ ದನಿ ಒಡೆದು ಕೆಮ್ಮಾಗುತ್ತಿತ್ತು. ಎರಡು ಹುಣ್ಣಿಮೆ ಅವನು ಗದ್ದಿಗೆಯ ಮುಂದೆ ತಲೆ ತಗ್ಗಿಸಿ ಕುಳಿತು ಬಂದ. ಈ ಸಲದ ಹುಣ್ಣಿಮೆಗೆ ಪದ ಒಪ್ಪಿಸುವುದೆಂದು ಸಂಕ್ರಾಂತಿಯಲ್ಲೇ ಹೇಳಿಬಿಟ್ಟಿದ್ದ.

ಅವನ ಮಗಳು ಮೂಕಮ್ಮ ಆ ಮಾತನ್ನು ಗಂಟು ಕಟ್ಟಿಕೊಂಡೇ ರಾಯಚೂರಿಗೆ ದುಡಿಯಲು ಗುಳೆ ಬಂದಿದ್ದಳು. ಹತ್ತಿ ಸುಗ್ಗಿ ಮುಗಿದ ಕೂಡಲೇ ಕೇರಿಯ ಹೆಂಗಸರೆಲ್ಲ ಹತ್ತಿ ಬಿಡಿಸುವ ಜಿನ್ನಿನ ಗಿರಣಿಗೆ ಬರುವುದು ವಾಡಿಕೆ. ಗಂಡ ತೀರಿಹೋದ ಮೇಲೆ ಅಪ್ಪನ ಜೊತೆಗೇ ಇದ್ದವಳು ಅವಳು. ಅಪ್ಪನ ಪದವೆಂದರೆ ಅವಳಿಗೆ ಮನೆಯ ದೀಪವಿದ್ದ ಹಾಗೆ, ಇದ್ದಾಗ ಯಾರೂ ಅದರ ಕಡೆ ನೋಡುವುದಿಲ್ಲ. ಈಗ ಎರಡು ವರ್ಷದಿಂದ ಅವಳು ಅದನ್ನೇ ನೋಡುತ್ತಿದ್ದಳು.

ಎರಡನೆಯ ಮಹಾಯುದ್ಧದ ಕಾಲ. ರಾಯಚೂರು ಸ್ಟೇಷನ್ನಿನಲ್ಲಿ ಸಿಪಾಯಿಗಳ ಗಾಡಿಗಳು ಬಂದು ನಿಂತು ಹೋಗುತ್ತಿದ್ದವು. ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಪೀರಾ ಸಾಬನ ಅಂಗಡಿ. ಹಾರ್ಮೋನಿಯಂ, ತಬಲಾ, ಸಿತಾರು, ಹರಿದದ್ದು ಒಡೆದದ್ದು ಏನಿದ್ದರೂ ಅಲ್ಲಿಗೇ ಬರಬೇಕು. ಮಸರಕಲ್ಲಿನ ಪೆಟ್ಟಿಗೆಯ ತಿದಿ ಹರಿದಿತ್ತೆಂದು ಬೂದೆಪ್ಪ ಅದನ್ನು ಅಲ್ಲಿ ಬಿಟ್ಟು ಹೋಗಿದ್ದ. ಗಿರಣಿಗೆ ಶುಕ್ರವಾರ ರಜಾ. ಆಯಿತೋ ಇಲ್ಲವೋ ನೋಡಲೆಂದು ಮೂಕಮ್ಮ ಹೋದಳು.

"ಸಾಬ್ ಮಾಮಾ, ನಮ್ಮ ಪೆಟಗಿ ಆತೇನ್ರಿ?"

"ತೊಗಲು ನೆನಿಲಿಕ್ಕೆ ಹಾಕೀನಿ ಬೇಟಿ," ಎಂದ ಪೀರಾ ಸಾಬ್, ಕನ್ನಡಕವನ್ನು ಹಣೆಗೆ ಏರಿಸುತ್ತ. "ಎಲ್ಲಾ ಮನಿ ಒರೆಸೀನಿ. ಆ ಬೂದಿ ಇರೋದೊಂದು ಮುಟ್ಟಿಲ್ಲ. ಅದು ನಿಮ್ಮ ತಾತನ ಜಾಗಾ ಅಂತ ಬೂದೆಪ್ಪ ಅಂಜಿಸಿ ಹೋಗ್ಯಾನ."

ಅವನ ತಲೆಯ ಮೇಲೆ ಗೋಡೆಗೆ ಒಂದು ವಾದ್ಯ ತೂಗುತ್ತಿತ್ತು. ನಡು ಸಣ್ಣ, ಕತ್ತು ಉದ್ದ, ಹೊಟ್ಟೆಯಲ್ಲಿ ಗುಂಡನೆಯ ಬಾಯಿ.

"ಅದೇನ್ರಿ, ವೀಣಿ ಇದ್ದಂಗ ಅದ, ವೀಣಿ ಅಲ್ಲ."

"ಗಿಟಾರು. ಒಬ್ಬ ಗಾರ್ಡ್ ಸಾಹೇಬ ಗುಂತಕಲ್ಲಿಗೆ ಬದಲಿ ಆಗಿ ಹೋಗೋವಾಗ ನನಗ ಕೊಟ್ಟು ಹೋದ. ಅದರ ಕತ್ತು ಮುರಿದಾಗ ನಾನ ಕೂಡಿಸಿದ್ದೆ. ನಾ ಕತ್ತು ಕೂಡಿಸಿದೆ, ಅವ ಬಾರಿಸೂದು ಕಲಿಸಿದ."

"ಬಾರಿಸೂದು ಅಂತ ತಿಳಕೋಬ್ಯಾಡ," ಎಂದು ಒಳಗಿನಿಂದ ಅವನ ಹೆಂಡತಿ ಮಹಬೂಬೀ ಕೂಗಿ ಹೇಳಿದಳು. "ಅದನ್ನ ಮುಟ್ಟಿದ ದಿನ ನಮ್ಮ ಕೋಳಿ ತತ್ತಿ ಇಡಂಗಿಲ್ಲ."

ಪೀರಾ ಸಾಬ್ ಗಿಟಾರನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡು, ಎಡಗೈಯ ಮೂರು ಬೆರಳು ಒತ್ತಿ, ಬಲಗೈಯಿಂದ ತಂತಿಗಳ ಮೇಲೆ ಒಮ್ಮೆ ಸವರಿದ.

ಮೂಕಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಕಿವಿಗೆ ಗೊತ್ತಿದ್ದದ್ದು ಒಂದಾದ ಮೇಲೆ ಒಂದು ಬರುವ ಸ್ವರ, ಒಬ್ಬರ ಹಿಂದೆ ಒಬ್ಬರು ಕಾಲುದಾರಿಯಲ್ಲಿ ನಡೆದ ಹಾಗೆ. ಇದೋ, ಬಾಗಿಲು ತೆರೆದೊಡನೆ ಒಳಗೆ ಕೂತವರೆಲ್ಲ ಒಟ್ಟಿಗೇ ನಕ್ಕ ಹಾಗೆ.

"ಮಾಮಾ, ಮೂರ್ನಾಕು ಮಂದಿ ಒಮ್ಮಿಗೇ ಮಾತಾಡಿದಂಗ ಆತು. ಜಗಳ ಯಾಕ ಆಗಲಿಲ್ಲ?"

ಪೀರಾ ಸಾಬ್ ಅವಳನ್ನು ದಿಟ್ಟಿಸಿ ನೋಡಿದ. ಇಷ್ಟು ವರ್ಷ ಗಿಟಾರನ್ನು ಕೇಳಿ ಮೂಗು ಮುರಿದವರಿದ್ದರು, ಈ ಮಾತು ಕೇಳಿದವರಿರಲಿಲ್ಲ.

"ಕುಂದರು," ಎಂದ. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಒಂದು ಉದ್ದ ಗೆರೆ ಎಳೆದು ಅದರ ಮೇಲೆ ಚುಕ್ಕೆಗಳನ್ನಿಟ್ಟ. "ಸ ದಿಂದ ಮ್ಯಾಲಿನ ಸ ಬರೂತನಕ ಹನ್ನೆರಡು ಊರು ಅಂತ ತಿಳಕೋ. ಇಂಗ್ಲೀಷಿನವರು ಏಳಕ್ಕ ಹೆಸರು ಇಟ್ಟಾರ. ಎ, ಬಿ, ಸಿ, ಡಿ, ಇ, ಎಫ್, ಜಿ. ಜಿ ಆದ ಮ್ಯಾಲೆ ಮತ್ತ ಎ. ಉಳಿದ ಐದು ನಡುವಿನ ಸಣ್ಣ ಹಳ್ಳಿ, ನಿಮ್ಮ ಪೆಟಗಿಯಾಗಿನ ಕರೀ ಮನಿ. ಅವಕ್ಕ ಸ್ವಂತ ಹೆಸರಿಲ್ಲ. ಸಿ ದಾಟಿ ಬರೋದಕ್ಕ ಸಿ ಶಾರ್ಪ್ ಅಂತಾರ. ಬಿ-ಸಿ ನಡುವ, ಇ-ಎಫ್ ನಡುವ ಹಳ್ಳಿನ ಇಲ್ಲ, ಹೊಲಕ್ಕ ಹೊಲ ಹತ್ತಿ ಅದಾವ."

ಮೂಕಮ್ಮ ಬಿಚ್ಚಿಟ್ಟಿದ್ದ ತಮ್ಮ ಪೆಟ್ಟಿಗೆಯ ಕಡೆ ನೋಡಿದಳು. ಹೌದು, ಎರಡು ಕಡೆ ಬಿಳಿಯ ಪಕ್ಕಕ್ಕೆ ಬಿಳಿ, ನಡುವೆ ಕರಿ ಇಲ್ಲ. ಇಷ್ಟು ವರ್ಷ ಅದು ಹಲ್ಲು ಬಿದ್ದ ಜಾಗವೆಂದೇ ತಿಳಿದಿದ್ದಳು.

"ಹಂಗಾರ ಎ ಅಂದ್ರ ಸ, ಬಿ ಅಂದ್ರ ರಿ."

"ಎಲ್ಲಾರೂ ಎಡವೋದು ಇಲ್ಲೇ," ಪೀರಾ ಸಾಬ್ ಖುಷಿಯಿಂದ ತೊಡೆ ತಟ್ಟಿಕೊಂಡ. "ನಾನೂ ಎಡವಿದ್ದೆ. ಎ ಬಿ ಸಿ ಅಂದ್ರ ಊರು. ಸರಿಗಮ ಅಂದ್ರ ಜನ. ಊರು ಕದಲಂಗಿಲ್ಲ. ಜನ ಗುಳೆ ಹೋಗ್ತಾರ."

ಮೂಕಮ್ಮ ಹಲಗೆಯ ಮೇಲಿನ ಚುಕ್ಕೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತ ಹೋದಳು. ಮಹಬೂಬೀ ಬಾಗಿಲಿಗೆ ಬಂದು ನಿಂತಳು.

"ಸ ಎಲ್ಲಿಗೆ ಬೇಕಾದರೂ ಹೋಗಬೌದಾ?"

"ಎಲ್ಲಿಗೆ ಬೇಕಾದರೂ. ಆದರ ಒಬ್ಬನ ಹೋಗಂಗಿಲ್ಲ. ರಿ, ಗ, ಮ, ಮುದುಕರು, ಕೂಸು, ಕೋಳಿ, ಎಲ್ಲಾ ಕಟಗೊಂಡು ಹೋಗಬೇಕು. ಒಬ್ಬರಿಂದ ಒಬ್ಬರು ಎಷ್ಟು ದೂರ ಇದ್ದರು, ಅಲ್ಲಿಗೆ ಹೋದ ಮ್ಯಾಲೂ ಅಷ್ಟ ದೂರ ಇರಬೇಕು. ಹಂಗ ಇದ್ದರ ಪದ ಅದ, ಊರು ಬ್ಯಾರೆ."

"ನಮ್ಮ ಸ ಆ ಬೂದಿ ಬೊಟ್ಟಿನಾಗ ಅದ."

"ಅದು ಸಿ ಶಾರ್ಪ್."

"ತಾತ ಬೆರಳಿಟ್ಟಾರ ಮಾಮಾ."

ಪೀರಾ ಸಾಬ್ ಸೀಮೆಸುಣ್ಣವನ್ನು ಕೆಳಗಿಟ್ಟ. "ಅದಕ್ಕ ನಾ ಏನೂ ಹೇಳಾಕ ಬರಂಗಿಲ್ಲ ಬೇಟಿ. ಅದು ನಿಮ್ಮದು ನಿಮ್ಮ ತಾತಂದು. ತಂತಿ ವಿದ್ಯಾ ಕೇಳು, ಹೇಳ್ತೀನಿ."

ಮೂರು ಮಂದಿ ಒಟ್ಟಿಗೆ ಮಾತಾಡುವ ಗುಟ್ಟನ್ನು ಆ ದಿನವೇ ಹೇಳಿದ. ಸ, ಗ, ಪ, ಈ ಮೂವರು ಒಂದೇ ಕಟ್ಟೆಯ ಮೇಲೆ ಕುಳಿತರೆ ಅದು ಕಾರ್ಡ್. ಸ ಯಾವ ಊರಲ್ಲಿ ಕುಳಿತಿದೆಯೋ ಆ ಊರಿನದೇ ಹೆಸರು ಕಾರ್ಡಿಗೆ. ಸ ಎ ಯಲ್ಲಿದ್ದರೆ ಎ ಕಾರ್ಡ್, ಡಿ ಯಲ್ಲಿದ್ದರೆ ಡಿ. ಪ ಕಂಬವಿದ್ದ ಹಾಗೆ, ಅಲುಗುವುದಿಲ್ಲ. ನಡುವೆ ಕೂತ ಗ ಮುಖ ತೋರಿಸುವವನು. ಅವನು ನೆಟ್ಟಗೆ ಕೂತರೆ ಕಟ್ಟೆಯೆಲ್ಲ ನಗುತ್ತದೆ, ಅದು ಮೇಜರ್. ಒಂದು ಊರು ಹಿಂದಕ್ಕೆ ಸರಿದು ಕೂತರೆ ಕಟ್ಟೆಯೆಲ್ಲ ಅಳುತ್ತದೆ, ಅದು ಮೈನರ್. ಎಂದರೆ ಎ ಮತ್ತು ಎ ಮೈನರ್ ನಡುವೆ ಇರುವುದು ಒಬ್ಬನು ಒಂದು ಹೆಜ್ಜೆ ಹಿಂದೆ ಸರಿದದ್ದು, ಅಷ್ಟೇ. ಹೆಸರಿನ ಬಾಲಕ್ಕೆ ಸೆವೆನ್ ಅಂತ ಬಂದರೆ ಮೂವರ ಜೊತೆಗೆ ನಿ ಎಂಬ ಒಬ್ಬ ಬೀಗ ಬಂದು ಕುಳಿತ ಎಂದರ್ಥ. ಅವನು ಬಂದರೆ ಕಟ್ಟೆಯ ಮೇಲಿದ್ದವರಿಗೆ ಎದ್ದು ಮುಂದಿನ ಮನೆಗೆ ಹೋಗುವ ಅವಸರ.

"ಇಷ್ಟ?" ಎಂದಳು ಮೂಕಮ್ಮ.

"ಹೆಸರಿನ ವಿದ್ಯಾ ಇಷ್ಟ. ಬೆರಳಿನ ವಿದ್ಯಾ ಕೇಳಬ್ಯಾಡ, ತೊಗಲು ಸುಲೀತದ."

ಮೂಕಮ್ಮ ಅಂಗೈ ಚಾಚಿ ತೋರಿಸಿದಳು. ಹತ್ತಿಕಾಯಿಯ ಮುಳ್ಳು ಚುಚ್ಚಿ ಚುಚ್ಚಿ ಬೆರಳ ತುದಿಗಳು ಹುಣಸೆ ಬೀಜದ ಹಾಗೆ ಗಟ್ಟಿಯಾಗಿದ್ದವು. ಮಹಬೂಬೀ ಗಂಡನ ಕಡೆ ತಿರುಗಿ, "ನೋಡು, ಸುಲಿಯೋ ತೊಗಲು ಹೆಂಗದ," ಎಂದಳು.

ಮರುದಿನ ಗಿರಣಿಯಲ್ಲಿ ಮೂಕಮ್ಮನ ಕೈ ಹತ್ತಿಯಲ್ಲಿತ್ತು, ತಲೆ ಎಲ್ಲೋ ಇತ್ತು. ಸಾಲಾಗಿ ಕುಳಿತು ಕಸ ಆರಿಸುತ್ತಿದ್ದ ಹೆಂಗಸರನ್ನೇ ಊರು ಮಾಡಿದಳು. ಮೊದಲ ಬಸ್ಸಮ್ಮ ಸ. ಅವಳಿಂದ ನಾಲ್ಕು ಹೆಜ್ಜೆ ಆಚೆ ಕೂತ ಸೂಗಮ್ಮ ಗ. ಅವಳಿಂದ ಮತ್ತೆ ಮೂರು ಹೆಜ್ಜೆ ಆಚೆ ಕೂತ ಮುದುಕಿ ಬೂದೆಮ್ಮ ಪ. ಒಬ್ಬೊಬ್ಬಳಿಗೂ ಅವಳವಳ ಸ್ವರವನ್ನು ಗುನುಗಿ ಹಿಡಿಸಿದಳು.

"ಸೋಬಾನೆ ಎತ್ತುವಾಗ ಹೆಂಗ ಎತ್ತತೀರಿ, ಹಂಗ ಆ ಅನ್ರಿ. ನಿಂದು ನೀ ಬಿಡಬಾರದು. ಬಾಜೂಕಿನಾಕಿ ದನಿಗೆ ಜಾರಬಾರದು."

"ಹುಚ್ಚಿಗೆ ಮಂಗ್ಯಾ ಕಡದದ," ಎಂದಳು ಬೂದೆಮ್ಮ. ಆದರೂ ಎಳೆದಳು. ಎರಡು ಸಲ ಒಬ್ಬರ ದನಿಗೆ ಒಬ್ಬರು ಜಾರಿ ನಕ್ಕರು. ಮೂರನೆಯ ಸಲ ಮೂರೂ ದನಿ ತಮ್ಮ ತಮ್ಮ ಜಾಗದಲ್ಲಿ ನಿಂತವು. ಹತ್ತಿ ಧೂಳಿನ ನಡುವೆ, ಯಂತ್ರದ ಪಟ್ಟಾದ ಗರಗರದ ನಡುವೆ, ಏನೋ ಒಂದು ದೊಡ್ಡದು ಬಂದು ಅವರ ಮಧ್ಯೆ ನಿಂತ ಹಾಗಾಯಿತು. ಹೆಂಗಸರು ಕೈ ನಿಲ್ಲಿಸಿದರು.

"ಈಗ ಸೂಗಮ್ಮ, ನೀ ಸುಮ್ಮನಿರು. ಹಿಂದಿನಾಕಿ ನೀಲವ್ವ ಎತ್ತಲಿ, ತುಸು ಕೆಳಗ."

ಕೆಳಗಿನ ಗ ಬಂತು. ಅದೇ ಸ, ಅದೇ ಪ, ಆದರೂ ಸಾಲಿಗೆ ಸಾಲು ಹೆಂಗಸರ ಮುಖ ಬಾಡಿತು. ಬೂದೆಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಯಾರ ನೆನಪು ತಂದಿ ಬೇ," ಎಂದಳು.

"ಇಲ್ಲೇನು ಮದುವಿ ನಡದದೇನ್ರಿ?" ಎಂದು ಕೆಲಸ ನೋಡಿಕೊಳ್ಳುವ ಮುಕ್ಕದಮ ಬಂದ ಮೇಲೆಯೇ ಕೈಗಳು ಮತ್ತೆ ಹತ್ತಿಗೆ ಇಳಿದವು. ಮೂಕಮ್ಮನಿಗೆ ಬಯ್ಗುಳ ಕೇಳಿಸಲೇ ಇಲ್ಲ. ಹೆಸರು ಗೊತ್ತಾದ ಮೇಲೆ ಲೋಕವೇ ಬೇರೆ ಕಾಣುತ್ತಿತ್ತು. ರೈಲಿನ ಕೂಗಿನಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಕಿವಿಗೊಡುವಳು, ಬಾವಿಯ ಗಾಲಿ ಅಳುತ್ತದೋ ನಗುತ್ತದೋ ನೋಡುವಳು. ರೊಟ್ಟಿ ಬಡಿಯುವಾಗಲೂ ಎಡಗೈಯ ಬೆರಳುಗಳು ಹಿಟ್ಟಿನ ಮೇಲೆ ಎ ಕಾರ್ಡ್ ಒತ್ತುತ್ತಿದ್ದವು.

ಶುಕ್ರವಾರ ಶುಕ್ರವಾರ ಅಂಗಡಿಗೆ ಹೋದಳು. ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ತಗಡಿನ ಕಂಬಿಗಳು. ಕಂಬಿಗೂ ಕಂಬಿಗೂ ನಡುವಿನ ಜಾಗವನ್ನು ಅವಳು ಮನೆಯ ಅಂಕಣವೆಂದೇ ಕರೆದಳು. ಒಂದು ಅಂಕಣ ದಾಟಿದರೆ ಒಂದು ಊರು ದಾಟಿದ ಹಾಗೆ. ಎ ಕಾರ್ಡಿಗೆ ಎರಡನೆಯ ಅಂಕಣದಲ್ಲಿ ನಡುವಿನ ಮೂರು ತಂತಿಗೆ ಮೂರು ಬೆರಳು. ಆ ಮೂರರಲ್ಲಿ ಕೆಳಗಿನ ತಂತಿಯದೇ ಗ. ಅದನ್ನು ಒತ್ತಿದ ಬೆರಳು ಒಂದು ಅಂಕಣ ಹಿಂದೆ ಸರಿದರೆ ಎ ಮೈನರ್. ಒಂದು ಬೆರಳಿನ ಸರಿದಾಟಕ್ಕೆ ನಗು ಅಳುವಾಗುವುದನ್ನು ಅವಳು ಎಷ್ಟು ಸಲ ಮಾಡಿ ನೋಡಿದಳೋ. ಮಹಬೂಬೀ ಕೊನೆಗೆ, "ಒಂದ ನಗು, ಇಲ್ಲಾ ಒಂದ ಅಳು. ಎರಡೂ ಕೂಡಿದರ ಓಣ್ಯಾಗ ನನ್ನ ಮ್ಯಾಲ ಸಂಶಯ ಬರ್ತದ," ಎಂದಳು.

ಪೆಟ್ಟಿಗೆಯ ತಿದಿ ಸಿದ್ಧವಾದ ದಿನ ಹಂಪಯ್ಯ ಗೌಡರ ಹತ್ತಿ ಬಂಡಿಯ ಜೊತೆ ಬಂದ. ಪೆಟ್ಟಿಗೆಯನ್ನು ಊರಿಗೆ ಒಯ್ಯಬೇಕಿತ್ತು. ಬಂಡಿ ಖಾಲಿಯಾಗುವವರೆಗೆ ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು ಎತ್ತಿನ ಮೂಗುದಾರ ಹೊಸೆಯುತ್ತಿದ್ದ. ಮಗಳು ಗಿಟಾರು ಹಿಡಿಯುವ ಸುದ್ದಿ ಅವನಿಗೆ ಗೊತ್ತಿರಲಿಲ್ಲ.

"ಯಪ್ಪಾ, ಇನ್ನೊಮ್ಮಿ ವಿಚಾರ ಮಾಡು."

"ವಿಚಾರ ಮಾಡಾಕ ಏನದ ಅವ್ವ. ತಾತ ಇಟ್ಟ ಮನಿಗೆ ನಾ ಏರಲಾರೆ. ಆ ಮನಿ ಬಿಟ್ಟು ಹಾಡಿದರ ಅದು ತಾತನ ಪದ ಅಲ್ಲ. ಸುಮ್ಮನ ಇಟಗೊಂಡು ಕುಂತರ ಪದಕ್ಕ ಉಸಿರು ಕಟ್ಟತದ. ಒಪ್ಪಸ್ತೀನಿ."

ಅವಳು ಒಳಗೆ ಬಂದಳು. ಹೊರಗೆ ಅಪ್ಪನ ಕೈ ದಾರ ಹೊಸೆಯುತ್ತಿತ್ತು, ಬಾಯಿ ತನಗೆ ಅರಿವಿಲ್ಲದೆ ಗುನುಗುತ್ತಿತ್ತು. ಮೂಕಮ್ಮ ಕಿವಿ ನಿಮಿರಿಸಿದಳು. ಅದು ಪದದ ಪಲ್ಲವಿಯೇ. ಒಡೆಯದೆ, ಕೆಮ್ಮದೆ, ಕೆಳಗೆಲ್ಲೋ ತಣ್ಣಗೆ, ಪೂರಾ ಬರುತ್ತಿತ್ತು.

"ಮಾಮಾ," ಎಂದು ಪಿಸುಗುಟ್ಟಿದಳು, "ಅಪ್ಪ ಯಾವ ಊರಾಗ ಅದಾನ ನೋಡ್ರಿ."

ಪೀರಾ ಸಾಬ್ ಗಿಟಾರಿನ ತಂತಿಗಳನ್ನು ಒಂದೊಂದಾಗಿ ಬೆರಳ ತುದಿಯಿಂದ ಮೀಟಿದ. ಎಲ್ಲಕ್ಕಿಂತ ದಪ್ಪ ತಂತಿ ಅಲ್ಲ. ಅದರ ಪಕ್ಕದ್ದು ಮೀಟಿದಾಗ ಹೊರಗಿನ ಗುನುಗೂ ಒಳಗಿನ ತಂತಿಯೂ ಒಂದೇ ಆಗಿ, ತಂತಿ ಎಲ್ಲಿ ಮುಗಿದು ಅಪ್ಪ ಎಲ್ಲಿ ಶುರುವಾದನೆಂದು ತಿಳಿಯಲಿಲ್ಲ.

"ಎ," ಎಂದ ಪೀರಾ ಸಾಬ್. ಅವನ ಕಣ್ಣುಗಳೂ ಅರಳಿದ್ದವು.

ಮೂಕಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಗಂಟಲು ಸತ್ತಿಲ್ಲ. ಅಪ್ಪನ ಸ ಗುಳೆ ಹೋಗಿದೆ, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು. ಅವನಿನ್ನೂ ಹಳೆಯ ಊರಿನ ಬಾಗಿಲು ಬಡಿಯುತ್ತಿದ್ದಾನೆ. ಪಲ್ಲವಿಯ ಗ ನಗುತ್ತಿತ್ತು, ಹಾಗಾದರೆ ಎ ಮೇಜರ್ ಸಾಕು. ಅಷ್ಟರಲ್ಲಿ ಬಂಡಿಯವನು ಕೂಗಿದ, ಗುನುಗು ನಿಂತಿತು. ಅವಳು ಅಪ್ಪನಿಗೆ ಏನೂ ಹೇಳಲಿಲ್ಲ. ಹೇಳಿದರೆ ಅವನು ತಾತನ ಬೆರಳಿನ ಮಾತೆತ್ತಿ ಗುನುಗುವುದನ್ನೂ ಬಿಟ್ಟಾನೆಂದು ಅವಳಿಗೆ ಗೊತ್ತಿತ್ತು. ಕೇಳಿಸಬೇಕು, ಹೇಳಬಾರದು.

ಹುಣ್ಣಿಮೆಯ ಮುಂಜಾನೆ ಮಹಬೂಬೀ ತನ್ನ ಕೌದಿಯಲ್ಲಿ ಗಿಟಾರನ್ನು ಕೂಸಿನ ಹಾಗೆ ಸುತ್ತಿಕೊಟ್ಟಳು. "ಕತ್ತು ಹಿಡಕೊಂಡು ಎತ್ತಬ್ಯಾಡ. ನಮ್ಮವರು ಕೂಡಿಸಿದ ಕತ್ತು ಅದು, ನನಗ ನಂಬಿಕಿ ಇಲ್ಲ." ಪೀರಾ ಸಾಬ್ ಬಸ್ಸಿನವರೆಗೆ ಬಂದ. "ಪದಕ್ಕ ಒಂದ ಕಾರ್ಡ್ ಸಾಕು ಬೇಟಿ. ಊರೂರು ತಿರುಗಬ್ಯಾಡ," ಎಂದ.

ಇದ್ದಿಲಿನ ಬಸ್ಸು ಹೊಗೆ ಉಗುಳುತ್ತ ಹೊರಟಿತು. ಪೆಟ್ರೋಲು ಯುದ್ಧಕ್ಕೆ ಹೋಗಿತ್ತು. ಏರಿನಲ್ಲಿ ಬಸ್ಸು ಉಸಿರು ಬಿಟ್ಟಾಗಲೆಲ್ಲ ಗಂಡಸರು ಇಳಿದು ನೂಕಿದರು. ಮೂಕಮ್ಮ ಕೌದಿಯೊಳಗೆ ಕೈಹಾಕಿ, ತಂತಿ ಮುಟ್ಟದೆ, ಕತ್ತಿನ ಮೇಲೆ ಬೆರಳಿಟ್ಟು ನಗುವ ಎ ಯನ್ನು ಮಾನ್ವಿಯವರೆಗೂ ಒತ್ತುತ್ತಲೇ ಹೋದಳು.

ಗದ್ದಿಗೆಯ ಅಂಗಳಕ್ಕೆ ಚಪ್ಪರ ಹಾಕಿದ್ದರು. ಸಿರವಾರದ ಮೇಳ ಹಾಡಿ ಎದ್ದಿತ್ತು, ಮಸರಕಲ್ಲಿನವರು ಕೂರುತ್ತಿದ್ದರು. ಎಂದಿನಂತೆ ಮೇಳದ ನಟ್ಟನಡುವೆ ಮಡಚಿದ ಕಂಬಳಿ, ಮೇಲೊಂದು ದವನದ ಕೊನರು. ಅದು ತಾತನ ಜಾಗ. ಜನ ಎಷ್ಟೇ ಒತ್ತರಿಸಲಿ, ಅಲ್ಲಿ ಯಾರೂ ಕೂರುವುದಿಲ್ಲ.

ಮೂಕಮ್ಮ ಕೌದಿ ಬಿಚ್ಚಿದಾಗ ಬೂದೆಪ್ಪ ತಿದಿಯ ಮೇಲಿನ ಕೈ ತೆಗೆದ.

"ಏನ ಬೇ ಇದು, ಬಟ್ಟಿ ಒಗಿಯೋ ಹಲಗಿ ತಂದೀ?"

"ಶ್ರುತಿ ತಂದೀನಿ ಮಾವ."

"ಶ್ರುತಿ ನನ್ನ ತೊಡಿ ಮ್ಯಾಲ ಅದ. ತಾತ ಬೆರಳಿಟ್ಟದ್ದು. ಅದರ ಹೊಟ್ಟ್ಯಾಗ ಏನದ, ತೂತ."

ಜನ ನಕ್ಕರು. ಹಂಪಯ್ಯ ಎಲೆಯನ್ನು ಕೈಯಲ್ಲಿ ಹಿಡಿದು ಗದ್ದಿಗೆಯ ಮುಂದೆ ಆಗಲೇ ಕುಳಿತಿದ್ದ. ತಿರುಗಿ ಮಗಳನ್ನೂ ಅವಳ ತೊಡೆಯ ಮೇಲಿನ ವಸ್ತುವನ್ನೂ ನೋಡಿದ. ಸಿಟ್ಟಾಗಲು ಅವನಲ್ಲಿ ತ್ರಾಣವಿರಲಿಲ್ಲ.

"ಯಪ್ಪಾ, ಹ್ಯಾಂಗಿದ್ದರೂ ಕೊನೀ ಸಲ ಹೇಳ್ತಿ," ಎಂದಳು ಅವಳು. "ನನ್ನ ಬಾಜೂಕ ಕುಂತು ಹೇಳು. ಅಷ್ಟ ಕೇಳ್ತೀನಿ."

ಗದ್ದಿಗೆ ನೋಡಿಕೊಳ್ಳುವ ಮುದುಕ ಸೂಗಪ್ಪ ಕಣ್ಣು ಮುಚ್ಚಿ ಕುಳಿತಿದ್ದವನು ಹಾಗೇ, "ಮಗಳು ಕೇಳಾಕತ್ತಾಳ. ತಾತನೂ ಕೇಳಲಿ ಬಿಡ್ರಿ," ಎಂದ.

ಹಂಪಯ್ಯ ಎದ್ದು ಮಗಳ ಪಕ್ಕಕ್ಕೆ ಬಂದು, ಎಲೆಯನ್ನು ಮುಂದಿಟ್ಟುಕೊಂಡು ಕುಳಿತ. ಮೂಕಮ್ಮ ಅಪ್ಪನ ಗುನುಗಿಗೆ ಕೂಡಿದ್ದ ಆ ಎ ತಂತಿಯನ್ನು ಒಮ್ಮೆ ಮೀಟಿದಳು. ಹಂಪಯ್ಯನ ಹುಬ್ಬು ಸರಿಯಿತು. ಯಾರೋ ಪರಿಚಯದವರು ಹಿತ್ತಿಲಿನಿಂದ ಕರೆದ ಹಾಗೆ. ಮತ್ತೆ ಮೀಟಿದಳು. ಹೇಳಲೆಂದು ತೆರೆದ ಬಾಯಿಂದ ಮಾತಿನ ಬದಲು ದನಿ ಬಂತು.

*ನಡುಮನಿಯೊಳಗ ದೀಪ ಹಚ್ಚಿಟ್ಟವನ್ಯಾರೋ...*

ಅವಳು ಎ ಕಾರ್ಡನ್ನು ಪೂರಾ ಬಾರಿಸಿದಳು. ಸ, ಗ, ಪ ಮೂವರೂ ನಕ್ಕು ಎದ್ದು ಬಂದು ಅಪ್ಪನ ಕೈ ಹಿಡಿದರು. ದನಿ ಒಡೆಯಲಿಲ್ಲ. ಚಪ್ಪರದಲ್ಲಿ ಗುಸುಗುಸು ನಿಂತಿತು. ಪಲ್ಲವಿಯನ್ನು ಜನ ಎತ್ತಿಕೊಂಡರು.

ಆಮೇಲೆ ಹಂಪಯ್ಯ ಒಳಗಿನ ನುಡಿಗೆ ಇಳಿದ. *ಎಣ್ಣ್ಯೂ ಕಾಣದು, ಬತ್ತ್ಯೂ ಕಾಣದು...* ಅಲ್ಲಿ ಅವನ ಗ ಒಂದು ಊರು ಹಿಂದೆ ಸರಿಯಿತು. ಮೂಕಮ್ಮನ ತಂತಿಯ ಗ ಮಾತ್ರ ಹಳೆಯ ಜಾಗದಲ್ಲೇ ಗಟ್ಟಿಯಾಗಿ ನಗುತ್ತಿತ್ತು. ಒಂದೇ ಮಣೆಗೆ ಇಬ್ಬರು ಒಮ್ಮೆಗೇ ಕೂರಲು ಹೋದ ಹಾಗೆ ಎರಡೂ ಡಿಕ್ಕಿ ಹೊಡೆದವು. ಪಲ್ಲವಿ ಎಲ್ಲರದು, ಒಳಗಿನ ನುಡಿ ಅಪ್ಪನದು. ಹುಟ್ಟಿದಂದಿನಿಂದ ಕೇಳಿದ್ದಳು, ಬಾಯಲ್ಲಿ ಇಟ್ಟುಕೊಂಡಿರಲಿಲ್ಲ. ಬೆರಳಿನಲ್ಲಿ ಒತ್ತಿ ನೋಡಿರಲಿಲ್ಲ. ಬೆರಳನ್ನು ಹಿಂದಿನ ಅಂಕಣಕ್ಕೆ ಎಳೆದು ಎ ಮೈನರ್ ಹಿಡಿದಳು. ಅಷ್ಟರಲ್ಲಿ ಅಪ್ಪನ ಗ ಮತ್ತೆ ನಕ್ಕಿತು. ಅವಳು ಮುಂದೆ ಬಂದಳು, ಅವನು ಹಿಂದೆ ಹೋದ. ಎರಡು ಗ ಗಳ ಪದ ಅದು. ಒಂದೇ ಉಸಿರಿನಲ್ಲಿ ಅತ್ತು ನಗುವ ಪದ. ಅವಳ ಬೆರಳು ಅವನ ಹಿಂದೆ ಓಡಿ ಓಡಿ ಎಡವಿತು.

ಹಂಪಯ್ಯ ನಿಲ್ಲಿಸಿದ.

"ಸಾಕು ಬಿಡವ್ವ," ಎಂದ ಬೂದೆಪ್ಪ. ಈ ಸಲ ತಮಾಷೆ ಮಾಡಲಿಲ್ಲ, ಅವನ ದನಿಯೂ ಮೆತ್ತಗಾಗಿತ್ತು. ಹಂಪಯ್ಯನ ಕೈ ಎಲೆಯ ಕಡೆ ಹೋಯಿತು.

ಮೂಕಮ್ಮ ತಲೆ ತಗ್ಗಿಸಿದಳು. ಕಣ್ಣ ಮುಂದೆ ಮಡಚಿದ ಕಂಬಳಿ. ಬಲಕ್ಕೆ ತಾಳದವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದಾರೆ, ಎಡಕ್ಕೆ ದಮ್ಮಡಿ ಬಾರಿಸುವವರು ತೆಕ್ಕೆಬಿದ್ದ ಹಾಗೆ ಕುಳಿತಿದ್ದಾರೆ. ಕಾಲಿಡಲು ಜಾಗವಿಲ್ಲ. ನಡುವೆ ಮಾತ್ರ ಅಷ್ಟು ಅಗಲ ಬಿಟ್ಟಿದ್ದಾರೆ. ಬಿಟ್ಟಿದ್ದಾರೆಂದೇ ಅಲ್ಲಿಗೆ ತಾತ ಬರುತ್ತಾರೆ. ಯಾರಾದರೂ ಹೋಗಿ ತುಂಬಿಬಿಟ್ಟರೆ ಅವರೆಲ್ಲಿ ಕೂರಬೇಕು?

ತಾನು ಮಾಡಿದ್ದು ಅದನ್ನೇ. ಕಟ್ಟೆಯ ನಡುವಿನ ಜಾಗದಲ್ಲಿ ತಾನೇ ಹೋಗಿ ಕುಳಿತಿದ್ದಳು, ಅಪ್ಪನಿಗೆ ಜಾಗ ಬಿಡದೆ.

ಮೂರು ಬೆರಳು ಎರಡನೆಯ ಅಂಕಣಕ್ಕೆ ಬಂದವು. ಸ ಮತ್ತು ಪ ಗಳನ್ನು ಗಟ್ಟಿಯಾಗಿ ಒತ್ತಿದಳು. ಗ ದ ತಂತಿಯನ್ನು ಒತ್ತಲಿಲ್ಲ. ಅದರ ಮೇಲೆ ಬೆರಳನ್ನು ಸುಮ್ಮನೆ ತಾಗಿಸಿದಳು, ಮಲಗಿದ ಕೂಸಿನ ಎದೆಯ ಮೇಲೆ ಕೈ ಇಟ್ಟ ಹಾಗೆ. ಬಲಗೈಯಿಂದ ಸವರಿದಳು. ಆ ತಂತಿ ಅಲ್ಲೇ ಇತ್ತು, ಮಾತಾಡಲಿಲ್ಲ. ಮೇಲೆ ಸ, ಕೆಳಗೆ ಪ, ನಡುವೆ ಬಾಗಿಲು ತೆರೆದಿಟ್ಟ ನಡುಮನೆ. ಅದಕ್ಕೆ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ. ಯಾರೋ ಬರಲಿದ್ದಾರೆ ಎಂಬಂತಿತ್ತು.

ಹಂಪಯ್ಯನ ಕೈ ಎಲೆಯ ಮೇಲೆಯೇ ನಿಂತಿತು. ಅವಳು ಇನ್ನೊಮ್ಮೆ ಸವರಿದಳು, ಮತ್ತೊಮ್ಮೆ. ಕಂಬಳಿಯ ಮೇಲಿನ ದವನದ ವಾಸನೆ ಚಪ್ಪರದ ತುಂಬ ಇತ್ತು.

*ಎಣ್ಣ್ಯೂ ಕಾಣದು, ಬತ್ತ್ಯೂ ಕಾಣದು, ಬೆಳಕಿಗೆ ಕೊನಿಯಿಲ್ಲೋ...*

ಅಪ್ಪನ ಗ ಬಂದು ಆ ನಡುಮನೆಯಲ್ಲಿ ಕುಳಿತಿತು. ಅತ್ತಿತು, ಕಟ್ಟೆಯೆಲ್ಲ ಅತ್ತಿತು. ನಕ್ಕಿತು, ಕಟ್ಟೆಯೆಲ್ಲ ನಕ್ಕಿತು. ತಂತಿ ಯಾವುದನ್ನೂ ತಡೆಯಲಿಲ್ಲ. *ಮುಂದಲ ಬಾಗಿಲು ಹಿಂದಲ ಬಾಗಿಲು ಎರಡೂ ತೆರೆದಾವೋ...* ಹಂಪಯ್ಯ ಕಣ್ಣು ಮುಚ್ಚಿದ್ದ. ಹಳೆಯ ಏರುದನಿ ಅಲ್ಲ, ಬೇವಿನ ಮರದವರೆಗೆ ಹೋಗುವುದಲ್ಲ. ಎದುರು ಕುಳಿತವರ ಎದೆಯವರೆಗೆ ಬಂದು ಅಲ್ಲೇ ಇಳಿಯುವ ದನಿ. ಪಲ್ಲವಿಗೆ ತಿರುಗಿದಾಗ ಇಡೀ ಚಪ್ಪರ ಎದ್ದು ಬಂತು, ಸಿರವಾರದ ಮೇಳವೂ ಊಟದ ಎಲೆ ಬಿಟ್ಟು ಬಂತು. ಹೆಂಗಸರ ಸಾಲಿನಲ್ಲಿ, ಹುಣ್ಣಿಮೆಗೆಂದು ಗಿರಣಿಯಿಂದ ಬಂದಿದ್ದ ಬೂದೆಮ್ಮ ಮುದುಕಿ ಪ ಹಿಡಿದು ಬಿಡಲೇ ಇಲ್ಲ. ಮೂಕಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಾಗಲಿಲ್ಲ.

ಬೂದೆಪ್ಪ ಮೆಲ್ಲಗೆ ತಿದಿ ಒತ್ತಿ ಪೆಟ್ಟಿಗೆಯ ಮನೆಗಳ ಮೇಲೆ ಕುರುಡನ ಹಾಗೆ ಬೆರಳು ಆಡಿಸುತ್ತಿದ್ದ. ಒಂದು ಮನೆ ಒತ್ತಿದ, ಅಲ್ಲ. ಇನ್ನೊಂದು, ಅಲ್ಲ. ಬಿಳಿಯ ಆರನೆಯ ಮನೆಗೆ ಬಂದಾಗ ಪೆಟ್ಟಿಗೆಯೂ ತಂತಿಯೂ ಹಂಪಯ್ಯನೂ ಒಂದಾದರು. ಅವನು ಬಿಸಿ ತಾಗಿದವನಂತೆ ಬೆರಳು ಎತ್ತಿದ, ಸೂಗಪ್ಪನ ಕಡೆ ನೋಡಿದ.

"ತಾತ ಕರೀ ಮನಿ ಮ್ಯಾಲ ಬೆರಳಿಟ್ಟಿದ್ದರು," ಎಂದ, ಪಲ್ಲವಿ ಇಳಿದಾಗ.

"ಇಟ್ಟಿದ್ದರು," ಎಂದ ಸೂಗಪ್ಪ. "ಅವತ್ತು ಹಂಪಯ್ಯನ ಗಂಟಲು ಅಲ್ಲಿತ್ತು. ಗಂಟಲು ನೋಡಿ ಬೆರಳಿಟ್ಟರು, ಪೆಟಗಿ ನೋಡಿ ಅಲ್ಲ. ಇವತ್ತು ಇದ್ದಿದ್ದರ ಎಲ್ಲಿ ಇಡ್ತಿದ್ದರು, ನೀನ ಹೇಳಪ್ಪ." ಆಮೇಲೆ ಹಂಪಯ್ಯನ ಕಡೆ ತಿರುಗಿ, "ಪದ ಒಪ್ಪಸ್ತೀಯೇನು?"

ಹಂಪಯ್ಯ ಎಲೆಯ ಮೇಲಿನ ವಿಭೂತಿಯನ್ನು ಮೂರು ಬೆರಳಿನಿಂದ ತೆಗೆದು ಹಣೆಗೆ ಎಳೆದುಕೊಂಡ. ಉಳಿದದ್ದನ್ನು ಎಲೆಸಮೇತ ಬೂದೆಪ್ಪನ ಮುಂದೆ ಸರಿಸಿದ.

ಬೂದೆಪ್ಪ ಎಲೆಯನ್ನೂ ಪೆಟ್ಟಿಗೆಯನ್ನೂ ನೋಡಿದ. ಕೊನೆಗೆ ಚಿಟಿಕೆ ವಿಭೂತಿ ತೆಗೆದುಕೊಂಡು ಬಿಳಿಯ ಆರನೆಯ ಮನೆಯ ಮೇಲೆ ಬೊಟ್ಟಿಟ್ಟು, ಬೆರಳನ್ನು ಕಣ್ಣಿಗೊತ್ತಿಕೊಂಡ. ಬಗ್ಗಿ ನೋಡಿದ.

"ಬಿಳೀ ಮ್ಯಾಲ ಬಿಳಿ. ಕಾಣವಲ್ದಲ್ಲ ಬೇ."

"ಇಟ್ಟೀಯಲ್ಲ ಮಾವ," ಎಂದಳು ಮೂಕಮ್ಮ. "ಅದ ಅಲ್ಲಿ."

ಹಂಪಯ್ಯ ಮಗಳ ಕಡೆ ವಾಲಿ, ಸುಮ್ಮನಿದ್ದ ಆ ತಂತಿಯನ್ನೂ ಅದರ ಮೇಲೆ ಮಲಗಿದ ಬೆರಳನ್ನೂ ನೋಡಿದ. "ಆ ಬೆರಳು ಅಲ್ಲೇ ಇರಲಿ ಅವ್ವ," ಎಂದು ಎರಡನೆಯ ನುಡಿಗೆ ಉಸಿರು ತೆಗೆದುಕೊಂಡ.